ದೂರದಿಂದ ಬಂದ ದನಿ: ಮಲಾಡಿನ ಒಂದು ಧ್ವನಿಮುದ್ರಣವೂ ಎಕೋ ಪೆಡಲ್‌ಗಳ ಚರಿತ್ರೆಯೂ

ಗಿಟಾರ್ ನುಡಿಸುವ ನಾಲ್ವರು ಸೇರಿದಲ್ಲಿ, ನುಡಿಸಿದ ಸ್ವರವನ್ನು ಕೊಂಚ ತಡವಾಗಿ ಮರಳಿಸುವ ಡಿಲೇ ಪೆಡಲ್‌ನ ಮಾತು ಬಂದೇ ಬರುತ್ತದೆ. ಯಾವುದು ಇಷ್ಟ ಎಂದು ಕೇಳಿದರೆ ಸಿಗುವ ಉತ್ತರ ಮಾತ್ರ ಸ್ವಲ್ಪ ವಿಚಿತ್ರ. ನುಡಿಸಿದ ಸ್ವರವನ್ನು ಹೆಚ್ಚುಕಡಿಮೆ ಇದ್ದ ಹಾಗೇ ಮರಳಿಸುವ ಡಿಜಿಟಲ್ ಪೆಡಲ್ 1983ರಲ್ಲೇ ಬಂದಿದೆ. ಆದರೂ ಹಲವರು ಹೊಗಳುವುದು, ಹೆಚ್ಚು ದುಡ್ಡು ಕೊಟ್ಟು ಹುಡುಕುವುದು ಹಳೆಯ ಬಗೆಯದನ್ನು. ಪ್ರತಿ ಮರುಕಳಿಕೆಯಲ್ಲೂ ಸ್ವರವನ್ನು ಒಂದಿಷ್ಟು ಮಸುಕು ಮಾಡುವಂಥದನ್ನು. ಸ್ವರವನ್ನು ಕೆಡಿಸುವ ಯಂತ್ರದ ಮೇಲೇಕೆ ಈ ಮೋಹ? ಇದರ ಜಾಡು ಹಿಡಿದು ಹೋದ ನನಗೆ ದಾರಿ ಬಂದು ನಿಂತದ್ದು ಮುಂಬೈಯ ಪಶ್ಚಿಮ ರೈಲುಮಾರ್ಗದ ಮಲಾಡ್ ಸ್ಟೇಷನ್ನಿನಲ್ಲಿ.

ಮಲಾಡಿನಲ್ಲಿ 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಕಟ್ಟಿದರು. ನಿರ್ದೇಶಕ ಫ್ರಾಂಜ್ ಆಸ್ಟೆನ್, ಕ್ಯಾಮರಾಮನ್ ಜೋಸೆಫ್ ವಿರ್ಷಿಂಗ್ ಜರ್ಮನಿಯಿಂದ ಬಂದರು. 1936ರ ‘ಅಛೂತ್ ಕನ್ಯಾ’ದ ಕಾಲಕ್ಕೆ ನಟರು ಕ್ಯಾಮರಾದ ಮುಂದೆಯೇ ಹಾಡಬೇಕಿತ್ತು. ಹಿಮಾಂಶು ರಾಯ್ 1940ರಲ್ಲಿ ತೀರಿಕೊಂಡರು. 1943ರಲ್ಲಿ ಒಂದು ಗುಂಪು ಸಿಡಿದು ಹೋಗಿ ಪಕ್ಕದ ಗೋರೆಗಾಂವ್‌ನಲ್ಲಿ ಫಿಲ್ಮಿಸ್ತಾನ್ ಕಟ್ಟಿತು. ದೇವಿಕಾ ರಾಣಿ 1945ರಲ್ಲಿ ಸ್ವೆತೊಸ್ಲಾವ್ ರೋರಿಕ್‌ರನ್ನು ಮದುವೆಯಾಗಿ ಸಿನಿಮಾವನ್ನೇ ಬಿಟ್ಟರು. ಮುಂದೆ ಅವರ ಬದುಕು ಸಾಗಿದ್ದು ನಮ್ಮ ಬೆಂಗಳೂರಿನಲ್ಲಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. ಮಲಾಡಿನ ಸ್ಟುಡಿಯೊ ಆಮೇಲೆ ಅಶೋಕ್ ಕುಮಾರ್ ಮತ್ತು ಸಾವಕ್ ವಾಚಾ ಕೈಗೆ ಬಂತು.

ಈ ವಾಚಾ ಹೆಸರನ್ನು ನೆನಪಿಡಬೇಕು. ಅವರು ನಿರ್ಮಾಪಕರಾಗುವ ಮೊದಲು ಅದೇ ಸ್ಟುಡಿಯೊದ ಧ್ವನಿಮುದ್ರಕರು. ಅವರೂ ಅಶೋಕ್ ಕುಮಾರರೂ ಸೇರಿ ತೆಗೆದ ಚಿತ್ರ ‘ಮಹಲ್’. ಕಮಾಲ್ ಅಮ್ರೋಹಿಯವರ ಮೊದಲ ನಿರ್ದೇಶನ, ಖೇಮ್‌ಚಂದ್ ಪ್ರಕಾಶ್ ಸಂಗೀತ, ಬಿಡುಗಡೆ 1949. ಪಾಳುಬಂಗಲೆ, ಉಯ್ಯಾಲೆಯ ಮೇಲೊಂದು ಹೆಣ್ಣಿನ ನೆರಳು, ಎಲ್ಲಿಂದಲೋ ತೇಲಿ ಬರುವ ಹಾಡು. ‘ಆಯೇಗಾ ಆನೇವಾಲಾ’ ಎಂಬ ಆ ಹಾಡು ಬೇಡುತ್ತಿದ್ದದ್ದು ಒಂದೇ: ದನಿ ಮೊದಲು ಬಹುದೂರದಲ್ಲಿರಬೇಕು, ನಿಧಾನಕ್ಕೆ ಹತ್ತಿರ ಬರಬೇಕು.

ಇವತ್ತು ಇದು ಎರಡು ನಾಬ್ ತಿರುಗಿಸುವ ಕೆಲಸ. ಅಂದು ಹಾಡು ದಾಖಲಾಗುತ್ತಿದ್ದದ್ದು ಫಿಲ್ಮಿನ ಅಂಚಿನಲ್ಲಿ ಬೆಳಕಿನ ಪಟ್ಟಿಯಾಗಿ. ಹಾಡಿದವರು ಇಪ್ಪತ್ತರ ಹೊಸ್ತಿಲಲ್ಲಿದ್ದ ಲತಾ ಮಂಗೇಶ್ಕರ್. ಅವರೇ ಮುಂದೆ ಹಲವು ಸಲ ಹೇಳಿಕೊಂಡ ಹಾಗೆ, ಮೈಕನ್ನು ದೊಡ್ಡ ಕೋಣೆಯ ನಡುವೆ ಇಟ್ಟರು. ಅವರು ಒಂದು ಮೂಲೆಯಿಂದ ಹಾಡಿನ ಆರಂಭದ ಸಾಲುಗಳನ್ನು ಹಾಡುತ್ತಾ ಹೆಜ್ಜೆ ಹೆಜ್ಜೆಯಾಗಿ ಮೈಕಿನ ಕಡೆಗೆ ನಡೆದರು. ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಅದರ ಮುಂದೆ ಬಂದು ನಿಲ್ಲಬೇಕಿತ್ತು. ಮತ್ತೆ ಮತ್ತೆ ಅಭ್ಯಾಸವಾಯಿತು. ಈ ಉಪಾಯ ಮೊದಲು ಹೊಳೆದದ್ದು ಯಾರಿಗೆ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಿರ್ಮಾಪಕರಲ್ಲೊಬ್ಬರು ಧ್ವನಿಮುದ್ರಣದ ಕಸುಬಿನವರು ಎಂಬುದು ಇಂಥ ಪ್ರಯೋಗಕ್ಕೆ ತಾಳ್ಮೆ ಕೊಟ್ಟಿರಬೇಕು ಎಂಬುದಷ್ಟೇ ನನ್ನ ಊಹೆ. ರೆಕಾರ್ಡಿನ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾದದ್ದು ‘ಕಾಮಿನಿ’ ಎಂಬ ಪಾತ್ರದ ಹೆಸರು. ಖೇಮ್‌ಚಂದ್ ಪ್ರಕಾಶ್ ಮರುವರ್ಷವೇ ತೀರಿಕೊಂಡರು.

(ಇದೇ ಮಲಾಡಿನ ದಾರಿಯಲ್ಲಿ ಇನ್ನೊಂದು ಪ್ರಸಂಗವೂ ನಡೆದಿತ್ತು. ಲೋಕಲ್ ರೈಲಿಳಿದು ಸ್ಟುಡಿಯೊಗೆ ಹೊರಟ ಲತಾ ಅವರನ್ನು ಅಪರಿಚಿತ ತರುಣನೊಬ್ಬ ಟಾಂಗಾದಲ್ಲಿ ಹಿಂಬಾಲಿಸಿದ. ಗಾಬರಿಯಿಂದ ಒಳಗೆ ಬಂದು ಖೇಮ್‌ಚಂದ್‌ರಿಗೆ ದೂರು ಹೇಳಿದರೆ, ಆತ ಅಶೋಕ್ ಕುಮಾರರ ತಮ್ಮ ಕಿಶೋರ್, ಅಲ್ಲೇ ಹಾಡಲು ಬಂದವನು ಎಂದು ತಿಳಿಯಿತು. ಬೆನ್ನು ಬಿಡದೆ ಬರುವುದು ಮಲಾಡಿನಲ್ಲಿ ದನಿಗಳಿಗೆ ಮಾತ್ರ ಅಂಟಿದ ಚಾಳಿಯಲ್ಲ.)

ಮೈಕಿನ ಕಡೆಗಿನ ಆ ನಡಿಗೆಯಲ್ಲಿ ಏನಾಯಿತೆಂಬುದನ್ನು ಬಿಡಿಸಿ ನೋಡಬೇಕು. ಮೈಕಿಗೂ ಬಾಯಿಗೂ ನಡುವಿನ ದೂರ ಅರ್ಧವಾದಾಗಲೆಲ್ಲ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಗೋಡೆಗಳಿಗೆ ಬಡಿದು ಸುತ್ತಾಡುವ ದನಿ ಮಾತ್ರ ಕೋಣೆಯ ಯಾವ ಮೂಲೆಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕಿವಿ ದೂರವನ್ನು ಅಳೆಯುವುದು ಈ ಎರಡರ ಪ್ರಮಾಣದಿಂದ. ಮೂಲೆಯಲ್ಲಿ ನಿಂತಾಗ ಕೋಣೆಯ ದನಿ ಹೆಚ್ಚು, ಗಾಯಕಿಯ ದನಿ ಕಡಿಮೆ; ಹತ್ತಿರವಾಗುತ್ತಾ ಲೆಕ್ಕ ತಲೆಕೆಳಗಾಗುತ್ತದೆ. ಡಿಲೇ ಪೆಡಲ್‌ನ ಮೇಲೆ ‘ಮಿಕ್ಸ್’ ಎಂದು ಬರೆದ ನಾಬ್ ಮಾಡುವುದೂ ಇದನ್ನೇ: ಮೂಲ ಸ್ವರ ಎಷ್ಟು, ಮರಳಿದ್ದು ಎಷ್ಟು. ಅಂದು ಆ ನಾಬನ್ನು ಒಬ್ಬ ಹುಡುಗಿ ಕಾಲಿನಿಂದ ತಿರುಗಿಸಿದಳು.

ಪಂಡಿತರು ಇಲ್ಲಿ ತಡೆಯುತ್ತಾರೆ: ಅದು ಅನುರಣನ, ಪ್ರತಿಧ್ವನಿಯಲ್ಲ. ಒಪ್ಪುವ ಮಾತು. ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಒಳ್ಳೆಯ ಪದಗಳೇ ಇವೆ. ಮಾರುತ್ತರದಲ್ಲಿರುವ ‘ಮಾರ್’ ಮಾರ್ದನಿಯಲ್ಲೂ ಇದೆ. ಎದುರಿನಿಂದ ಬಿಡಿಯಾಗಿ ಮರಳಿ ಬಂದ ದನಿ ಅದು. ಘಂಟೆ ಹೊಡೆದ ಮೇಲೆ ಉಳಿಯುವ ಗುಂಯ್ ಎಂಬುದು ಅನುರಣನ. ಆನಂದವರ್ಧನನ ಧ್ವನಿ ಸಿದ್ಧಾಂತವೂ ಕಾವ್ಯಾರ್ಥದ ಒಂದು ಬಗೆಯನ್ನು ವಿವರಿಸಲು ಈ ಹೋಲಿಕೆಯನ್ನು ಕರೆದುಕೊಂಡಿದೆ. ಆದರೆ ಇವೆರಡರ ನಡುವಿನ ಗಡಿ ಇರುವುದು ಗೋಡೆಯಲ್ಲಲ್ಲ, ಕಿವಿಯಲ್ಲಿ. ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಹೆಲ್ಮುಟ್ ಹಾಸ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಮಾತಿನ ಮಟ್ಟಿಗೆ ಮೂವತ್ತು ನಲವತ್ತು ಮಿಲಿಸೆಕೆಂಡಿನೊಳಗೆ ಮರಳಿದ ದನಿ ಮೂಲದೊಡನೆ ಬೆರೆತುಹೋಗುತ್ತದೆ, ಅದಕ್ಕಿಂತ ಸಾಕಷ್ಟು ತಡವಾದರೆ ಇನ್ನೊಂದು ದನಿಯಾಗಿ ಕೇಳುತ್ತದೆ. ಆ ಪ್ರಬಂಧದ ವರ್ಷವೂ 1949. ಒಬ್ಬರಿಗೊಬ್ಬರ ಸುಳಿವಿಲ್ಲದೆ ಮಲಾಡಿನವರು ನಡಿಗೆಯಲ್ಲಿ, ಗ್ಯೋಟಿಂಗನ್ನಿನವರು ಲೆಕ್ಕದಲ್ಲಿ ಒಂದೇ ವಿಷಯ ಹಿಡಿದು ಕೂತಿದ್ದರು.

ಅಮೆರಿಕದಲ್ಲೂ ಆಗ ಕೋಣೆಯೇ ಯಂತ್ರ. ಷಿಕಾಗೊದ ಬಿಲ್ ಪಟ್ನಮ್ 1947ರಲ್ಲಿ ಹಾರ್ಮೊನಿಕ್ಯಾಟ್ಸ್ ತಂಡದ ಮುದ್ರಣಕ್ಕೆ ಸ್ಟುಡಿಯೊದ ಬಚ್ಚಲುಮನೆಯನ್ನೇ ಬಳಸಿದರು. ಫೀನಿಕ್ಸ್‌ನಲ್ಲಿ ಡ್ವೇನ್ ಎಡ್ಡಿಯ ಗಿಟಾರ್‌ಗೆಂದು ಎರಡು ಸಾವಿರ ಗ್ಯಾಲನ್ನಿನ ನೀರಿನ ಟ್ಯಾಂಕ್ ಕೊಂಡು ತಂದು, ಒಳಗೊಂದು ಸ್ಪೀಕರ್, ಒಂದು ಮೈಕ್ ಇಟ್ಟದ್ದು 1950ರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಮ್ಯಾಗ್ನೆಟಿಕ್ ಟೇಪ್ ಬಂದು ದಾರಿ ಬೇರೆಯಾಗಿತ್ತು.

ಟೇಪ್ ಎಕೋದ ಗಣಿತ ಶಾಲೆಯ ಮಕ್ಕಳಿಗೂ ತಿಳಿಯುವಂಥದು. ಒಂದು ಹೆಡ್ ಬರೆಯುತ್ತದೆ, ಸ್ವಲ್ಪ ಆಚೆ ಇನ್ನೊಂದು ಓದುತ್ತದೆ. ಟೇಪ್ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದು ಹೆಡ್‌ಗಳ ನಡುವೆ 5 ಸೆಂಟಿಮೀಟರ್ ಇದ್ದರೆ ತಡ ಸುಮಾರು 130 ಮಿಲಿಸೆಕೆಂಡ್. ವೇಗ ಅರ್ಧ ಮಾಡಿದರೆ ಇಮ್ಮಡಿ. ಮೆಂಫಿಸ್‌ನ ಸನ್ ಸ್ಟುಡಿಯೊದ ಹೆಸರಾದ ‘ಸ್ಲ್ಯಾಪ್‌ಬ್ಯಾಕ್’ ಹುಟ್ಟಿದ್ದು ಹೀಗೆ. ಎಲ್ವಿಸ್ ಪ್ರೀಸ್ಲಿಯ ಗಿಟಾರಿಸ್ಟ್ ಸ್ಕಾಟಿ ಮೂರ್ 1955ರಲ್ಲಿ ಕೊಂಡ ರೇ ಬಟ್ಸ್‌ನ ‘ಎಕೋಸಾನಿಕ್’ ಆಂಪ್ಲಿಫೈಯರ್ ಒಳಗೇ ಟೇಪ್ ಇತ್ತು. 1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ ‘ಕಾಪಿಕ್ಯಾಟ್’ ತಂದರು. ಮರುವರ್ಷ ಅಮೆರಿಕದಲ್ಲಿ ‘ಎಕೋಪ್ಲೆಕ್ಸ್’. ಇಟಲಿಯ ಬಿನ್ಸನ್ ‘ಎಕೋರೆಕ್’ನಲ್ಲಿ ಟೇಪಿನ ಬದಲು ಸುತ್ತುವ ಮ್ಯಾಗ್ನೆಟಿಕ್ ಡ್ರಮ್, ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟರು ಅದಕ್ಕೆ ಮನಸೋತವರು. 1974ರಲ್ಲಿ ಜಪಾನಿನ ರೋಲ್ಯಾಂಡ್ ತಂದ ‘ಸ್ಪೇಸ್ ಎಕೋ’ ಆರ್‌ಇ-201ಕ್ಕೆ ಮೂರು ಓದುವ ಹೆಡ್‌ಗಳು. ಟೇಪ್ ಸವೆಯುತ್ತಿತ್ತು, ವೇಗ ಕೊಂಚ ತೂಗಾಡುತ್ತಿತ್ತು, ಪ್ರತಿ ಸುತ್ತಿನಲ್ಲೂ ತಾರಸ್ವರದ ಹೊಳಪು ಇಳಿಯುತ್ತಿತ್ತು. ಇವೆಲ್ಲ ದೋಷಗಳೇ. ಕಿವಿಗೆ ಹಿತವಾದದ್ದೂ ಇವೇ.

ಹಿತ ಏಕೆಂದರೆ ಪ್ರಕೃತಿಯ ಮಾರ್ದನಿಯೂ ಹಾಗೆಯೇ ಸವೆಯುತ್ತದೆ. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಮೇಲಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿಯೇ ಇರುತ್ತಾರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚಪ್ಪಾಳೆ ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದು ಹಿಡಿದರೆ 220 ಮಿಲಿಸೆಕೆಂಡ್. ಮಹಮ್ಮದ್ ಆದಿಲ್‌ಶಾಹನ ಗೋರಿ ಒಂದು ಒಳ್ಳೆಯ ಡಿಲೇ ಪೆಡಲ್ ಎಂದರೆ ತಮಾಷೆಯಲ್ಲ. ಅಲ್ಲಿ ಮರಳುವ ಚಪ್ಪಾಳೆ ಪ್ರತಿ ಸಲವೂ ಮೊನಚು ಕಳೆದುಕೊಳ್ಳುತ್ತದೆ, ಏಕೆಂದರೆ ಗಾಳಿಯೂ ಗಾರೆಯೂ ತಾರದ ಕಂಪನಗಳನ್ನು ಹೆಚ್ಚು ನುಂಗುತ್ತವೆ. ಮಸುಕಾದಷ್ಟೂ ದೂರ ಎಂದು ನಮ್ಮ ಕಿವಿ ಹುಟ್ಟಿನಿಂದ ಕಲಿತಿದೆ.

ಪೆಡಲ್ ಎಂಬ ಕಾಲಡಿಯ ಡಬ್ಬಿಗೆ ಎಕೋ ಇಳಿದದ್ದು ಫಿಲಿಪ್ಸ್ ಸಂಶೋಧನಾಲಯದ ಸಾಂಗ್‌ಸ್ಟರ್ ಮತ್ತು ಟೀರ್ 1969ರಲ್ಲಿ ರೂಪಿಸಿದ ‘ಬಕೆಟ್ ಬ್ರಿಗೇಡ್’ ಮಂಡಲದಿಂದ. ಬೆಂಕಿ ಬಿದ್ದಾಗ ಊರವರು ಸಾಲಾಗಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸುವ ಹಾಗೆ, ಇಲ್ಲಿ ವಿದ್ಯುತ್ ಆವೇಶ ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಪ್ಯಾನಾಸೋನಿಕ್‌ನ ಎಂಎನ್3005 ಚಿಪ್‌ನಲ್ಲಿ ಇಂಥ 4096 ಮನೆಗಳು. ಗಡಿಯಾರದ ಬಡಿತ ಸೆಕೆಂಡಿಗೆ 10 ಸಾವಿರ ಇದ್ದರೆ ಸ್ವರ ಹೊರಬರಲು ಸುಮಾರು 205 ಮಿಲಿಸೆಕೆಂಡ್. ತಡ ಹೆಚ್ಚಬೇಕೆಂದರೆ ಬಡಿತ ನಿಧಾನವಾಗಬೇಕು. ಬಡಿತ ನಿಧಾನವಾದರೆ ತಾರದ ಸ್ವರಾಂಶಗಳನ್ನು ಮೊದಲೇ ಸೋಸಿ ತೆಗೆಯಬೇಕು, ಇಲ್ಲವಾದರೆ ಗದ್ದಲ. ಹಾಗಾಗಿ ಮಸುಕು ಎಂಬುದು ತಯಾರಕರ ರಸಿಕತೆಯಲ್ಲ, ಚಿಪ್‌ನ ಬಡತನ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ‘ಮೆಮೊರಿ ಮ್ಯಾನ್’, ಬಾಸ್ ಕಂಪನಿಯ 1981ರ ಡಿಎಂ-2 ಈ ಬಡತನದಲ್ಲೇ ಹೆಸರು ಮಾಡಿದವು. ಡಿಎಂ-2ರ ಮಿತಿ 300 ಮಿಲಿಸೆಕೆಂಡ್. ಗೋಳಗುಮ್ಮಟ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. 1983ರಲ್ಲಿ ಬಾಸ್ ತಂದ ಡಿಜಿಟಲ್ ಡಿಡಿ-2ರ ಮಿತಿ 800 ಮಿಲಿಸೆಕೆಂಡ್, ದನಿ ಸ್ವಚ್ಛ. ಆದರೆ ಸ್ವಚ್ಛವಾಗಿ ಮರಳಿದ ಸ್ವರ ದೂರ ಹೋಗುವುದಿಲ್ಲ. ಪಕ್ಕದಲ್ಲೇ ಇನ್ನೊಬ್ಬ ನಿಂತು ಅದನ್ನೇ ನುಡಿಸಿದ ಹಾಗಿರುತ್ತದೆ. 2008ರಲ್ಲಿ ಎಂಎಕ್ಸ್‌ಆರ್ ಮತ್ತೆ ಬಕೆಟ್ ಬ್ರಿಗೇಡ್‌ನ ‘ಕಾರ್ಬನ್ ಕಾಪಿ’ ತಂದಾಗ ಗಿಟಾರಿಸ್ಟರು ಮುಗಿಬಿದ್ದದ್ದು ಇದಕ್ಕೇ. ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಅವರು ಪುನರುಕ್ತಿಯನ್ನು ಕೊಳ್ಳುತ್ತಿಲ್ಲ, ದೂರವನ್ನು ಕೊಳ್ಳುತ್ತಿದ್ದಾರೆ.

ಬಾಂಬೆಯ ಸಿನಿಮಾ ಗಿಟಾರಿಸ್ಟರಿಗೆ ಈ ಸರಕು ಸುಲಭವಾಗಿ ಸಿಗುತ್ತಿರಲಿಲ್ಲ. 1991ರವರೆಗೆ ಆಮದಿನ ನಿರ್ಬಂಧ ಬಿಗಿಯಾಗಿತ್ತು. ಯಂತ್ರಗಳು ಬಂದದ್ದು ಹೆಚ್ಚಾಗಿ ವಿದೇಶಕ್ಕೆ ಹೋಗಿಬಂದವರ ಪೆಟ್ಟಿಗೆಯಲ್ಲಿ. ಆ ಗಿಟಾರಿಸ್ಟರಲ್ಲೊಬ್ಬರಾದ ಚರಣ್‌ಜೀತ್ ಸಿಂಗ್ ರೋಲ್ಯಾಂಡ್ ಯಂತ್ರವನ್ನು ಸಿಂಗಪುರದಲ್ಲಿ ಕೊಂಡು ತಂದು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಈ ವಾದ್ಯಗಾರರ ಬದುಕನ್ನು ಗ್ರೆಗರಿ ಬೂತ್ 2008ರ ತಮ್ಮ ಪುಸ್ತಕದಲ್ಲಿ ಅವರದೇ ಮಾತುಗಳಿಂದ ಕಟ್ಟಿಕೊಟ್ಟಿದ್ದಾರೆ. ನಮ್ಮ ಕನ್ನಡ ಹಾಡುಗಳೂ ಬಹುಕಾಲ ಮದರಾಸಿಗೆ ಹೋಗಿ ಧ್ವನಿಮುದ್ರಣವಾಗುತ್ತಿದ್ದವು; ಮುಂಬೈಯ ರಂಗಭೂಮಿಯಿಂದ ಬಂದ ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದ್ದಕ್ಕೆ ಈ ಅಲೆದಾಟವೂ ಒಂದು ಕಾರಣ. ಜನಸಾಮಾನ್ಯರಿಗೆ ಎಕೋ ತಲುಪಿದ್ದು ಮಾತ್ರ ಗಣಪತಿ ಪೆಂಡಾಲಿನ ಮೈಕ್ ಸೆಟ್‌ನಿಂದ. ‘ಮಹಾಜನಗಳೇ’ ಎಂದರೆ ‘ಗಳೇ, ಗಳೇ, ಗಳೇ’ ಎಂದು ಊರಾಚೆಯವರೆಗೆ ಹೋಗುವ ಆ ದನಿಯನ್ನು ಯಾರಾದರೂ ಸಂಶೋಧಕರು ಇನ್ನು ಕಿವಿಗೊಟ್ಟು ಕೇಳಬೇಕಿದೆ.

ಎಕೋ ಯಂತ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಗಿಟಾರಿಸ್ಟ್ ಲೆಸ್ ಪಾಲ್‌ರಿಂದ ಶುರುಮಾಡಿ ಮೆಂಫಿಸ್, ಲಂಡನ್, ಒಸಾಕಾ ದಾಟಿ ಮುಗಿಸುತ್ತಾರೆ. ಪಟ್ನಮ್‌ರ ಬಚ್ಚಲುಮನೆಗೆ ಆ ಚರಿತ್ರೆಯಲ್ಲಿ ಜಾಗವಿರುವುದಾದರೆ ಮಲಾಡಿನ ಕೋಣೆಗೂ ಇರಬೇಕು. ಅಲ್ಲಿ ದೂರವನ್ನು ಇಟ್ಟಲ್ಲೇ ಇಡದೆ ನಡೆಸಿ ತೋರಿಸಿದರು. ಬಾಂಬೆ ಟಾಕೀಸ್ 1950ರ ದಶಕದ ನಡುವಿಗೆ ಮುಚ್ಚಿತು. ಮಲಾಡ್ ಪಶ್ಚಿಮದಲ್ಲಿ ಆ ಜಾಗ ಇಂದಿಗೂ ಬಾಂಬೆ ಟಾಕೀಸ್ ಕಾಂಪೌಂಡ್ ಎಂದೇ ಕರೆಸಿಕೊಳ್ಳುತ್ತದೆ. ಒಳಗಿರುವುದು ಸಣ್ಣ ಕಾರ್ಖಾನೆಗಳ ಮಳಿಗೆಗಳು, ಹಳೆಯ ಕಟ್ಟಡದ ಮುರುಕುಗಳು. ಮಲಾಡಿನ ಕನ್ನಡಿಗರಲ್ಲಿ ಆ ಸ್ಟುಡಿಯೊದಲ್ಲಿ ದುಡಿದ ಹಿರಿಯರ ಮನೆಯವರು ಇದ್ದರೆ, ಆ ಕೋಣೆಯ ಒಂದು ಫೋಟೊ, ಉದ್ದಗಲದ ಒಂದು ಅಂದಾಜು ಅವರ ಬಳಿ ಇದ್ದರೆ, ದಯವಿಟ್ಟು ಬರೆದಿಡಲಿ.