ದಿನಗೂಲಿಯ ಲೆಕ್ಕದಲ್ಲಿ ತಾಯಿಯ ಖಿನ್ನತೆ: ಸಕಲೇಶಪುರ–ಆಲೂರು ತೋಟಸೀಮೆಯಲ್ಲಿ ಚಿಕಿತ್ಸೆಯ ಜಾಗದ ಪ್ರಶ್ನೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕೂಲಿ ಮಾಡುವ ಎಳೆಮಕ್ಕಳ ತಾಯಂದಿರಿಗೆ ಖಿನ್ನತೆಯ ಚಿಕಿತ್ಸೆ ಏಕೆ ತಲುಪುತ್ತಿಲ್ಲ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ತಿಳಿವಳಿಕೆ ಸಾಲದು, ಮತ್ತು ಮನೋರೋಗವೆಂದರೆ ನಾಚಿಕೆ. ಎರಡೂ ಸುಳ್ಳಲ್ಲ. ಆದರೆ ಇವು ತಪ್ಪನ್ನು ತಾಯಿಯ ತಲೆಗೆ ಕಟ್ಟುತ್ತವೆ, ವ್ಯವಸ್ಥೆಯ ವೇಳಾಪಟ್ಟಿಯನ್ನು ಮುಟ್ಟುವುದಿಲ್ಲ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ, ಅಂದರೆ ಕೆಲಸದ ದಿನ. ಹೆತ್ತೂರು ಅಥವಾ ಯಸಳೂರು ಕಡೆಯ ಲೈನ್ ಮನೆಯಿಂದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಸಕಲೇಶಪುರಕ್ಕೆ ಇಳಿದು, ಕಾಡಾನೆ ರಸ್ತೆಗೆ ಬರುವ ಹೊತ್ತಿಗೆ ಮುಂಚೆ ಮನೆ ಸೇರಬೇಕಾದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ತಿಂಗಳಿಗೊಂದು ಭೇಟಿ ಎಂದರೂ ಉಚಿತ ಚಿಕಿತ್ಸೆಗೆ ಅವಳು ತೆರುವ ಬೆಲೆ ಆರೇಳು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಹೀಗಾಗಿ ಇಲ್ಲಿಯ ಮೊದಲ ಪ್ರಶ್ನೆ ಚಿಕಿತ್ಸೆ ಯಾವುದು ಎಂಬುದಲ್ಲ, ಅದು ನಡೆಯುವುದು ಎಲ್ಲಿ ಮತ್ತು ಯಾರ ಸಮಯದಲ್ಲಿ ಎಂಬುದು.

ಕಾಯಿಲೆಯ ಪ್ರಮಾಣದ ಬಗ್ಗೆ ಹೆಚ್ಚು ವಾದ ಬೇಕಿಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಹೆರಿಗೆಯ ನಂತರದ ಖಿನ್ನತೆಯನ್ನು ಸುಮಾರು ಶೇ. 22 ಎಂದು ಅಂದಾಜಿಸಿತು. ಕಾರಣಗಳ ವಿಷಯದಲ್ಲಿ 2002ರ ಎರಡು ಅಧ್ಯಯನಗಳು ನಮ್ಮ ಮಲೆನಾಡಿಗೆ ಹತ್ತಿರದವು. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರನ್ನು ಗಮನಿಸಿ ಶೇ. 23ರಷ್ಟು ಮಂದಿಯಲ್ಲಿ ಖಿನ್ನತೆ ಕಂಡರು. ಬಡತನ, ದಾಂಪತ್ಯದ ಬಿರುಕು, ಹೆಣ್ಣು ಕೂಸು ಹುಟ್ಟಿದ ಅಸಮಾಧಾನ ಅದರ ಬೆನ್ನಿಗಿದ್ದವು. ವೆಲ್ಲೂರು ಸಮೀಪದ ಹಳ್ಳಿಗಳ ಅಧ್ಯಯನ ಇವುಗಳ ಜೊತೆಗೆ ಮತ್ತೊಂದನ್ನು ಹೇಳಿತು: ಕೈಗೆ ನೆರವಾಗುವವರು ಇಲ್ಲದಿರುವುದು. ಗೋವಾದ ಇನ್ನೊಂದು ಫಲಿತಾಂಶ ನನ್ನ ವಾದಕ್ಕೆ ಹೆಚ್ಚು ಮುಖ್ಯ: ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ನಮ್ಮಲ್ಲಿ ಆರೋಗ್ಯ ಇಲಾಖೆಯ ಕಣ್ಣು ಬಾಣಂತಿಯ ಮೇಲಿರುವುದು ಮೊದಲ ಆರು ವಾರ. ತವರಿನ ಬಾಣಂತನ, ಅದು ಸಿಕ್ಕವರಿಗೆ, ಮೂರರಿಂದ ಐದು ತಿಂಗಳು. ಅದು ಮುಗಿದು ತಾಯಿ ಲೈನ್ ಮನೆಗೆ ಮರಳಿ ತೋಟಕ್ಕೆ ಇಳಿಯುವಾಗ ಅವಳನ್ನು ಕೇಳುವವರು ಯಾರೂ ಉಳಿದಿರುವುದಿಲ್ಲ. ಕೊಯ್ಲಿಗೆಂದು ಅಸ್ಸಾಂನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದವಳಿಗಂತೂ ಬಾಣಂತನದ ಕಾವಲೇ ಇಲ್ಲ.

ಖಿನ್ನತೆಗೆ ಬಿದ್ದ ತಾಯಿ ಆರೋಗ್ಯ ಕೇಂದ್ರಕ್ಕೆ ಬಂದಾಗಲೂ ಹೇಳುವುದು ಸುಸ್ತು, ತಲೆಭಾರ, ಸೊಂಟನೋವು, ನಿದ್ದೆ ಇಲ್ಲ ಎಂದು. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಕಬ್ಬಿಣದ ಮಾತ್ರೆ, ಬಿ ಕಾಂಪ್ಲೆಕ್ಸ್ ಬರೆದುಕೊಡುವುದು ಅಸಡ್ಡೆಯೇನಲ್ಲ. ತಪ್ಪಿರುವುದು ಅಲ್ಲಿಗೇ ನಿಲ್ಲುವುದರಲ್ಲಿ. ಕೇಳಬೇಕಾದ ಪ್ರಶ್ನೆಗಳು ಕನ್ನಡದಲ್ಲೇ ಇವೆ: ಖಿನ್ನತೆಯ ಪತ್ತೆಗೆ ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ ಕನ್ನಡ ರೂಪವನ್ನು ಗ್ರಾಮೀಣ ಕರ್ನಾಟಕದ ಗರ್ಭಿಣಿಯರ ಮೇಲೆ ಪರೀಕ್ಷಿಸಿದ ಅಧ್ಯಯನ 2011ರಲ್ಲೇ ಬಂದಿದೆ. ಆದರೆ ಪತ್ತೆ ಹಚ್ಚಿ ಚಿಕಿತ್ಸೆ ಕೊಡದಿರುವುದಕ್ಕಿಂತ ಪತ್ತೆ ಹಚ್ಚದಿರುವುದೇ ಮೇಲು.

ಚಿಕಿತ್ಸೆ ಕೊಡಲು ಮನೋವೈದ್ಯರೇ ಬೇಕೆಂಬ ನಂಬಿಕೆಯನ್ನು ಅಲುಗಾಡಿಸಿದ್ದು ಪಾಕಿಸ್ತಾನದ ರಾವಲ್ಪಿಂಡಿ ಪ್ರದೇಶದ ಪ್ರಯೋಗ. ಅತಿಫ್ ರಹಮಾನ್ ನೇತೃತ್ವದಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು 903 ಖಿನ್ನ ತಾಯಂದಿರ ಅಧ್ಯಯನದಲ್ಲಿ ಮನೆಗೇ ಹೋಗಿ ಮಾತಿನ ಚಿಕಿತ್ಸೆ ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೂಸಿಗೆ ಆರು ತಿಂಗಳಾದಾಗ ಚಿಕಿತ್ಸೆ ಪಡೆದವರಲ್ಲಿ ಶೇ. 23, ಪಡೆಯದವರಲ್ಲಿ ಶೇ. 53 ಮಂದಿ ಇನ್ನೂ ಖಿನ್ನರಾಗಿದ್ದರು. ಇದರ ಮುಂದಿನ ಕಥೆ ಅಷ್ಟು ಉಜ್ವಲವಲ್ಲ. ಅದೇ ಚಿಕಿತ್ಸೆಯನ್ನು ನೆರೆಹೊರೆಯ ಹೆಂಗಸರ ಕೈಯಿಂದ ಕೊಡಿಸಿ ಗೋವಾದಲ್ಲಿ ನೋಡಿದಾಗ ಲಾಭ ಸಾಧಾರಣವಾಗಿತ್ತು, ಪಾಕಿಸ್ತಾನದಲ್ಲಿ ಇನ್ನೂ ಕಡಿಮೆ. ತರಬೇತಿಯೂ ಮೇಲ್ವಿಚಾರಣೆಯೂ ಸಡಿಲವಾದರೆ ‘ಸಾಮಾನ್ಯ ಕಾರ್ಯಕರ್ತೆ ಸಾಕು’ ಎಂಬ ಮಾತು ಅಗ್ಗದ ಸೇವೆಗೆ ನೆಪವಾದೀತು ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಆಶಾ ಕಾರ್ಯಕರ್ತೆಯ ಮೇಲೆ ಈಗಾಗಲೇ ಹೇರಿರುವ ರಿಜಿಸ್ಟರುಗಳ ಜೊತೆಗೆ ಇನ್ನೊಂದನ್ನು ಹೇರುವುದು ನನ್ನ ಸಲಹೆಯೂ ಅಲ್ಲ; ಈ ಕೆಲಸಕ್ಕೆ ಬೇರೆಯೇ ಸಂಬಳದ ಆಪ್ತಸಮಾಲೋಚಕಿ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಇದು ರೋಗವಲ್ಲ, ಬಡತನ, ಕೂಲಿ ಹೆಚ್ಚಿಸಿ, ಗಂಡನ ಕುಡಿತ ಬಿಡಿಸಿ, ಖಿನ್ನತೆ ತಾನಾಗಿ ಹೋಗುತ್ತದೆ. ಕೂಲಿ ಹೆಚ್ಚಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ಬಡತನದಿಂದ ಹುಟ್ಟಿದ ಕ್ಷಯಕ್ಕೆ ಔಷಧಿ ಬೇಡವೆಂದು ಯಾರೂ ಹೇಳುವುದಿಲ್ಲ. ಕರ್ನಾಟಕದಲ್ಲೇ ಸಾವಿರ ಖಿನ್ನ ವಯಸ್ಕರ ಮೇಲೆ ಮನುಯೆಲಾ ಆಂಜೆಲೂಚಿ ಮತ್ತು ಡೇನಿಯಲ್ ಬೆನೆಟ್ ನಡೆಸಿದ ಪ್ರಯೋಗ ಈ ಜಗಳವನ್ನು ಸ್ವಲ್ಪ ಬಿಡಿಸುತ್ತದೆ. ಮಾತ್ರೆಯೊಂದನ್ನೇ ಕೊಟ್ಟವರಲ್ಲಿ ಪರಿಣಾಮ ದುರ್ಬಲವಾಗಿದ್ದು ಬೇಗ ಕರಗಿತು. ಮಾತ್ರೆಯ ಜೊತೆಗೆ ಜೀವನೋಪಾಯದ ನೆರವನ್ನೂ ಕೊಟ್ಟವರಲ್ಲಿ ಚಿಕಿತ್ಸೆ ನಿಂತ ಮೇಲೂ ಗುಣ ಉಳಿಯಿತು. ಗಳಿಕೆ ಮಾತ್ರ ಗಮನಾರ್ಹವಾಗಿ ಏರಲಿಲ್ಲ. ಇದರ ಎದುರಿಗೆ ರಾವಲ್ಪಿಂಡಿಯಲ್ಲಿ ಚಿಕಿತ್ಸೆ ಪಡೆದ ತಾಯಂದಿರನ್ನು ಏಳು ವರ್ಷದ ನಂತರ ಮತ್ತೆ ನೋಡಿದಾಗ, ಮನೆಯ ಹಣದ ಮೇಲೆ ಅವರ ಹಿಡಿತ ಹೆಚ್ಚಿರುವುದು ಕಂಡಿತು. ಹಣ ಬರುವುದು ಬೇರೆ, ಅದು ಅವಳ ಕೈಯಲ್ಲಿ ಉಳಿಯುವುದು ಬೇರೆ. 2023ರಿಂದ ಬರುತ್ತಿರುವ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಮನೆಯ ಯಜಮಾನಿಗೆ ಸಲ್ಲುತ್ತದೆ; ಎಳೆಗೂಸಿನ ತಾಯಿ ಪಡಿತರ ಚೀಟಿಯಲ್ಲಿ ಸಾಮಾನ್ಯವಾಗಿ ಸೊಸೆ, ಯಜಮಾನಿಯಲ್ಲ.

ಹಾಗಾದರೆ ಜಾಗ ಯಾವುದು? ಮನೆ ಎಂದರೆ ರಾವಲ್ಪಿಂಡಿಗೆ ಸರಿ. ಲೈನ್ ಮನೆಯ ತೆಳುಗೋಡೆಯ ಆಚೆ ಅತ್ತೆಯೂ ಪಕ್ಕದವರೂ ಕೇಳಿಸಿಕೊಳ್ಳುತ್ತಾರೆ, ಹಗಲಲ್ಲಿ ತಾಯಿ ಅಲ್ಲಿ ಇರುವುದೂ ಇಲ್ಲ. ಅವಳು ದಿನವೂ ತಪ್ಪದೆ ಬರುವ ಜಾಗ ಕೂಸಿರುವ ಜಾಗ. 1951ರ ತೋಟ ಕಾರ್ಮಿಕರ ಕಾಯ್ದೆ, 1981ರ ತಿದ್ದುಪಡಿಯ ನಂತರ, ಐವತ್ತು ಹೆಣ್ಣಾಳುಗಳು ಅಥವಾ ಅವರ ಇಪ್ಪತ್ತು ಮಕ್ಕಳಿರುವ ತೋಟದಲ್ಲಿ ಆರು ವರ್ಷದೊಳಗಿನವರಿಗೆ ಶಿಶುವಿಹಾರ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವು ಕೊಟ್ಟಿತು. ಆ ಬಿಡುವನ್ನು ಕಬಳಿಸದೆ, ಅದಕ್ಕೆ ಹೊಂದಿಕೊಂಡಂತೆ ವಾರಕ್ಕೊಮ್ಮೆ ಅರ್ಧ ಗಂಟೆಯನ್ನು ಕೂಲಿಸಹಿತ ಸೇರಿಸುವುದು ಅಸಾಧ್ಯವಾದ ಬೇಡಿಕೆಯಲ್ಲ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕಕ್ಕೆ ಇಳಿಯುವುದರಿಂದ ಕೂತ ನಿಮಿಷವೆಲ್ಲ ನಷ್ಟ. ಆದ್ದರಿಂದ ಮಾತಿನ ಚಿಕಿತ್ಸೆಯ ಮುಖ್ಯ ಭಾಗ ಮಳೆಗಾಲಕ್ಕೆ, ಕೊಯ್ಲಿನ ತಿಂಗಳುಗಳಲ್ಲಿ ಮಾತ್ರೆ ಮತ್ತು ವಿಚಾರಣೆ ಮಾತ್ರ. ಹಾಲುಣಿಸುವವರಿಗೆ ಸಾಮಾನ್ಯವಾಗಿ ಆಯ್ದುಕೊಳ್ಳುವ ಸರ್ಟ್ರಾಲಿನ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಸಾಯುವ ಯೋಚನೆ ಇರುವವರಿಗೆ, ಬಾಣಂತಿ ಸನ್ನಿ ಹಿಡಿದವರಿಗೆ ಇದು ಸಾಲದು. ಅವರಿಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ 2009ರಲ್ಲಿ ತಾಯಿ–ಮಗುವಿನ ವಾರ್ಡ್ ತೆರೆದ ನಿಮ್ಹಾನ್ಸೋ ಬೇಕು.

ತೋಟದೊಳಗೆ ಚಿಕಿತ್ಸೆ ಎಂದರೆ ರೈಟರ್‌ಗೆ, ಮೇಸ್ತ್ರಿಗೆ ಗುಟ್ಟು ಗೊತ್ತಾಗಿ ಕೆಲಸಕ್ಕೆ ಕುತ್ತು ಬರುವುದಿಲ್ಲವೇ? ಬಂದೀತು. ಆದ್ದರಿಂದ ಆಪ್ತಸಮಾಲೋಚಕಿ ಇಲಾಖೆಯವಳಾಗಿರಬೇಕು, ಆರು ವರ್ಷದೊಳಗಿನ ಮಕ್ಕಳ ತಾಯಂದಿರೆಲ್ಲರನ್ನೂ ಕಾಣಬೇಕು, ಹಾಜರಿ ಪುಸ್ತಕದಲ್ಲಿ ‘ಮಗುವಿನ ತಪಾಸಣೆ’ ಎಂದಷ್ಟೇ ಬರಬೇಕು. ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು, ಕಾಯ್ದೆಯ ಶಿಶುವಿಹಾರದ ಮಿತಿಗೆ ಬರುವುದೇ ಇಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ಅಲ್ಲಿ ಅಂಗನವಾಡಿ ಮತ್ತು ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯೇ ಗತಿ. ಆದರೆ ಗರ್ಭಿಣಿ, ಬಾಣಂತಿಯರಿಗಿರುವ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ದಿನವೂ ಅಂಗನವಾಡಿಗೆ ನಡೆಯುವುದು ಚದುರಿದ ಮನೆಗಳ ಮಲೆನಾಡಿನಲ್ಲಿ ಎಷ್ಟು ಕಷ್ಟವೆಂಬುದನ್ನು ನೆನಪಿಡಬೇಕು. ಊಟಕ್ಕೇ ಬರಲಾಗದವಳು ಮಾತಿಗೆ ಬರುವಳೆಂದು ನೆಚ್ಚಿಕೊಳ್ಳುವಂತಿಲ್ಲ. ಇಂಥ ಕಡೆ ಹಲವು ಸಣ್ಣ ತೋಟಗಳು ಸೇರಿ ಒಂದು ಶಿಶುವಿಹಾರ ನಡೆಸುವಂತೆ ಸರ್ಕಾರ ಖರ್ಚು ಹಂಚಿಕೊಳ್ಳಬೇಕಾಗುತ್ತದೆ. ವಲಸೆ ಬಂದವಳು ಮಾರ್ಚ್ ಕಳೆಯುತ್ತಲೇ ಹೊರಡುತ್ತಾಳೆ, ಚಿಕಿತ್ಸೆ ಅರ್ಧಕ್ಕೇ ಇರುತ್ತದೆ. ಅವಳ ಜೊತೆ ಹೋಗುವ ಕಾಗದ ತಾಯಿ ಕಾರ್ಡ್ ಒಂದೇ. ಅದರಲ್ಲಿ ಮಾತ್ರೆಯ ಹೆಸರು ಬರೆದರೆ ಮುಂದಿನ ಊರಿನ ನರ್ಸಿಗೂ ತಿಳಿಯುತ್ತದೆ, ಗಂಡನ ಮನೆಯವರಿಗೂ ತಿಳಿಯುತ್ತದೆ. ಬರೆಯಬೇಕೋ ಬೇಡವೋ ಎಂಬುದನ್ನು ಅವಳನ್ನೇ ಕೇಳಿ, ಅವಳ ಭಾಷೆಯಲ್ಲೇ ಕೇಳಿ, ತೀರ್ಮಾನಿಸಬೇಕು.