ಎರಡು ‘ಸಿ’, ಎರಡು ‘ಎಂ’

ವಸತಿಗೃಹಗಳ ಫಲಕದಲ್ಲಿ ‘ಅಕಾಮಡೇಷನ್’ ಎಂಬ ಇಂಗ್ಲಿಷು ಮಾತನ್ನು ನಾವೆಲ್ಲ ಕಂಡಿದ್ದೇವೆ. ಇಳಿದುಕೊಳ್ಳಲು ಸ್ಥಳವುಂಟು ಎಂದು ಅದರ ಅರ್ಥ. ಆದರೆ ಬರೆದವರು ಹಲವು ವೇಳೆ ಒಂದು ‘ಸಿ’ಯನ್ನೋ ಒಂದು ‘ಎಂ’ ಅನ್ನೋ ಬಾಗಿಲ ಹೊರಗೇ ನಿಲ್ಲಿಸಿರುತ್ತಾರೆ. ಈ ತಪ್ಪು ನಮ್ಮವರದು ಮಾತ್ರವಲ್ಲ. ಇಂಗ್ಲಿಷು ಮನೆಮಾತಾದವರೂ ಇಲ್ಲಿ ಎಡವುತ್ತಾರೆ.

ಕನ್ನಡದಲ್ಲಿ ಒತ್ತಕ್ಷರವನ್ನು ಕಿವಿ ಕಾಯುತ್ತದೆ. ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರ ಮಗುವಿಗೂ ಗೊತ್ತು. ಈ ಇಂಗ್ಲಿಷು ಮಾತಿನಲ್ಲಾದರೋ ಎರಡು ‘ಎಂ’ ಬರೆದರೂ ಕೇಳುವುದು ಒಂದೇ. ಕಿವಿ ಕಾಯದ ಅಕ್ಷರವನ್ನು ಪದದ ಚರಿತ್ರೆಯೇ ಕಾಯಬೇಕು.

ಈ ಪದದ ಮೂಲ ಲ್ಯಾಟಿನ್. ಅಲ್ಲಿ ‘ಅದ್’ ಎಂದರೆ ಕಡೆಗೆ, ‘ಕೊಮ್’ ಎಂದರೆ ಕೂಡ, ‘ಮೊದುಸ್’ ಎಂದರೆ ಅಳತೆ. ಮೂರೂ ಕೂಡಿ, ಅಳತೆಗೆ ಹೊಂದಿಸುವುದು ಎಂಬ ಅರ್ಥ ಬಂದಿತು. ‘ಸತ್’, ‘ಜನ’ ಸೇರಿ ‘ಸಜ್ಜನ’ವಾಗುವಂತೆ, ‘ಅದ್’ನ ದಕಾರ ಮುಂದಿನ ಕಕಾರದ ರೂಪವನ್ನೇ ತಾಳಿತು. ಲ್ಯಾಟಿನ್ನಿನಲ್ಲಿ ಕಕಾರವನ್ನು ‘ಸಿ’ಯಿಂದ ಬರೆಯುವುದರಿಂದ ‘ಸಿ’ ಎರಡಾಯಿತು. ಇನ್ನು ‘ಸಮ್ಮತಿ’ಯಲ್ಲಿ ಒಂದು ಮಕಾರ ‘ಸಮ್’ನದು, ಇನ್ನೊಂದು ‘ಮತಿ’ಯದು. ಹಾಗೆಯೇ ಇಲ್ಲಿ ಒಂದು ‘ಎಂ’ ‘ಕೊಮ್’ನದು, ಮತ್ತೊಂದು ‘ಮೊದುಸ್’ನದು.

ಲ್ಯಾಟಿನ್ನಿನ ಮಕ್ಕಳು ಈ ಆಸ್ತಿಯನ್ನು ಒಂದೇ ಬಗೆಯಾಗಿ ಉಳಿಸಿಕೊಳ್ಳಲಿಲ್ಲ. ಫ್ರೆಂಚ್ ಭಾಷೆ ಎರಡು ಜೋಡಿಯನ್ನೂ ಇಟ್ಟುಕೊಂಡಿತು. ಇಟಾಲಿಯನ್ ಎರಡು ‘ಸಿ’ ಉಳಿಸಿ ಒಂದು ‘ಎಂ’ ಬಿಟ್ಟಿತು. ಸ್ಪ್ಯಾನಿಷ್ ಕಿವಿಯ ಮಾತು ಕೇಳಿ, ಒಂದೊಂದೇ ಸಾಕೆಂದಿತು.

ಇಂಗ್ಲೆಂಡಿನಲ್ಲಿ ಈ ಪದ ಒಂದು ಕಾಲಕ್ಕೆ ಹೊಸ ಷೋಕಿಯ ಮಾತು. 1600ರಲ್ಲಿ ಅಚ್ಚಾದ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿ ಷೇಕ್ಸ್‌ಪಿಯರ್ ಇದನ್ನು ಹಾಸ್ಯಕ್ಕೆ ತಂದಿದ್ದಾನೆ. ಬಾರ್ಡಾಲ್ಫನೆಂಬ ಸಿಪಾಯಿ ಈ ಮಾತನ್ನಾಡಲು, ಶಾಲೋ ಎಂಬ ಹಳ್ಳಿಯ ನ್ಯಾಯಾಧೀಶ ಅದನ್ನು ಚಪ್ಪರಿಸಿ ಮೆಚ್ಚಿ, ಲ್ಯಾಟಿನ್ ಮೂಲವನ್ನೂ ಹೇಳಿಬಿಡುತ್ತಾನೆ! ಆ ಕಾಲದ ಬರವಣಿಗೆಯಲ್ಲಿ ಒಂದೇ ‘ಎಂ’ ಇರುವ ರೂಪವೂ ಉಂಟು. 1755ರಲ್ಲಿ ಬಂದ ಡಾಕ್ಟರ್ ಜಾನ್ಸನ್ನನ ನಿಘಂಟು ಲ್ಯಾಟಿನ್ ಮೂಲವನ್ನು ತೋರಿಸಿ, ಎರಡೆರಡು ಅಕ್ಷರಗಳ ರೂಪವನ್ನೇ ಕೊಟ್ಟಿತು. ಇಂದಿಗೂ ಅದೇ ಸರಿ.

ಮಕ್ಕಳು ತಪ್ಪಿದರೆ ಪದವನ್ನು ನೂರು ಸಲ ಬರೆಸುವ ರೂಢಿಯುಂಟು. ಅದರಿಂದ ಕೈ ನೋಯುತ್ತದೆ, ಅಕ್ಷರ ನಿಲ್ಲುವುದಿಲ್ಲ. ಒಮ್ಮೆ ಪದವನ್ನು ಬಿಡಿಸಿ ತೋರಿಸಿ. ‘ಸಜ್ಜನ’, ‘ಸಮ್ಮತಿ’ಗಳನ್ನು ಬಿಡಿಸಬಲ್ಲ ಕನ್ನಡದ ಹುಡುಗನಿಗೆ ಈ ಇಂಗ್ಲಿಷು ಪದ ಪರಕೀಯವಾಗಿ ತೋರದು.