ನೀರಿನಲ್ಲೇ ಸಿಕ್ಕ ಆಕಾರ

ಆರ್‌ಎನ್‌ಎ ಅಣು ಸಾಮಾನ್ಯವಾಗಿ ಒಂದೇ ಎಳೆಯದು. ಜೀವಕೋಶದೊಳಗೆ ಅದು ನೂಲಿನಂತೆ ಜೋತುಬಿದ್ದಿರುವುದಿಲ್ಲ. ತನ್ನ ಮೇಲೆ ತಾನೇ ಮಡಿಚಿಕೊಂಡು, ತನ್ನ ಪ್ರತ್ಯಾಮ್ಲಗಳಲ್ಲಿ ಗುವಾನಿನ್ ಸೈಟೋಸಿನ್‌ನೊಡನೆ, ಅಡೆನಿನ್ ಯುರಾಸಿಲ್‌ನೊಡನೆ ಜೋಡಿಯಾಗಿ, ಸುರುಳಿ, ಕುಣಿಕೆ, ಉಬ್ಬುಗಳನ್ನು ಕಟ್ಟಿಕೊಳ್ಳುತ್ತದೆ. ಅದರ ಕೆಲಸ ಬಹುಪಾಲು ಈ ಮಡಿಕೆಯನ್ನೇ ನೆಚ್ಚಿಕೊಂಡಿದೆ. ಆ ಮಡಿಕೆಯನ್ನು ಸ್ಫಟಿಕವಾಗಿಸದೆ, ನೀರಿನಲ್ಲಿ ಕರಗಿರುವಾಗಲೇ ಅರಿಯಲು ದಾರಿ ತೆರೆದದ್ದು ನ್ಯೂಕ್ಲೀಯ ಕಾಂತೀಯ ಅನುರಣನ, ಅಂದರೆ ಎನ್‌ಎಂಆರ್.

ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಹೈಡ್ರೋಜನ್ ಬೀಜಗಳು ನಿರ್ದಿಷ್ಟ ಆವರ್ತನದ ರೇಡಿಯೋ ಅಲೆಗೆ ಸ್ಪಂದಿಸುತ್ತವೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್ 1946ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದರು. ಬೀಜದ ನೆರೆಹೊರೆ ಬದಲಾದರೆ ಆ ಆವರ್ತನವೂ ಕೊಂಚ ಸರಿಯುತ್ತದೆ. ರಸಾಯನವಿಜ್ಞಾನಿಗಳಿಗೆ ಬೇಕಾದದ್ದು ಈ ಕೊಂಚವೇ.

ಆರ್‌ಎನ್‌ಎ ವಿಷಯದಲ್ಲಿ ಮೊದಲ ದೊಡ್ಡ ಹೆಜ್ಜೆ 1971ರದು. ಡೇವಿಡ್ ಕರ್ನ್ಸ್, ದಿನ್‌ಷಾ ಪಟೇಲ್, ರಾಬರ್ಟ್ ಶುಲ್ಮನ್ ಮೂವರೂ ವರ್ಗಾವಣೆ ಆರ್‌ಎನ್‌ಎಯನ್ನು ನೀರಿನಲ್ಲೇ ಕರಗಿಸಿ ರೋಹಿತ ತೆಗೆದರು. ಗುವಾನಿನ್ ಮತ್ತು ಯುರಾಸಿಲ್‌ಗಳ ಉಂಗುರದಲ್ಲಿ ಸಾರಜನಕಕ್ಕೆ ಅಂಟಿದ ಒಂದು ಹೈಡ್ರೋಜನ್ ಇದೆ. ಅದಕ್ಕೆ ಇಮಿನೊ ಹೈಡ್ರೋಜನ್ ಎಂದು ಹೆಸರು. ಜೋಡಿಯಿಲ್ಲದಾಗ ಅದು ನೀರಿನ ಹೈಡ್ರೋಜನ್‌ನೊಡನೆ ಬಿಡುವಿಲ್ಲದೆ ಅದಲುಬದಲಾಗುತ್ತದೆ, ಸಂಕೇತ ಅಳಿಸಿಹೋಗುತ್ತದೆ. ಜೋಡಿಯೊಳಗೆ ಸೇರಿಕೊಂಡಾಗ ಮಾತ್ರ ರಕ್ಷಣೆ ಪಡೆದು, ಉಳಿದೆಲ್ಲ ಸಂಕೇತಗಳ ಗದ್ದಲದಿಂದ ದೂರ, 11ರಿಂದ 15 ಪಿಪಿಎಂ ನಡುವೆ ಒಂಟಿಯಾಗಿ ಕಾಣಿಸುತ್ತದೆ. ಸಾಮಾನ್ಯ ಜೋಡಿಯೊಂದಕ್ಕೆ ಒಂದೇ ಶಿಖರ. ಶಿಖರ ಎಣಿಸಿದರೆ ಜೋಡಿಗಳನ್ನು ಎಣಿಸಿದಂತೆ.

ಆದರೆ ಜೋಡಿಗಳ ಲೆಕ್ಕ ಸಿಕ್ಕಿದ ಮಾತ್ರಕ್ಕೆ ಆಕಾರ ಸಿಕ್ಕಂತಲ್ಲ. 1974ರಲ್ಲಿ 76 ನ್ಯೂಕ್ಲಿಯೋಟೈಡ್‌ಗಳ, ಅಂದರೆ ಪ್ರತ್ಯಾಮ್ಲವೂ ಸಕ್ಕರೆಯೂ ಕೂಡಿದ ಕೊಂಡಿಗಳ, ಯೀಸ್ಟ್ ವರ್ಗಾವಣೆ ಆರ್‌ಎನ್‌ಎಯ ಮೂರು ಆಯಾಮದ ರೂಪವನ್ನು ತೋರಿಸಿದ್ದು ಕ್ಷ-ಕಿರಣ ಸ್ಫಟಿಕವಿಜ್ಞಾನ. ಎನ್‌ಎಂಆರ್‌ಗೆ ಆ ಶಕ್ತಿ ಬಂದದ್ದು ಜ್ಯೂರಿಕ್‌ನಲ್ಲಿ. ಅಲ್ಲಿ ರಿಚರ್ಡ್ ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂಥ್ರಿಕ್ ಅವರೊಡನೆ ನಡೆದ ಪ್ರಯೋಗವೊಂದು ರೋಹಿತವನ್ನು ಗೆರೆಯಿಂದ ನಕ್ಷೆಯಾಗಿ ಹರಡಿತು. ಸುಮಾರು 5 ಆಂಗ್‌ಸ್ಟ್ರಾಮ್‌ನೊಳಗೆ ಇರುವ ಎರಡು ಹೈಡ್ರೋಜನ್‌ಗಳು ಆ ನಕ್ಷೆಯಲ್ಲಿ ಒಂದು ಮಚ್ಚೆಯಾಗಿ ಮೂಡಿದವು. 1980ರಲ್ಲಿ ಪ್ರಕಟವಾದ ಆ ಪ್ರಬಂಧದ ಮೊದಲ ಲೇಖಕ ಅನಿಲ್ ಕುಮಾರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಯನ್ನು ಬೆಳೆಸಿದವರು. ಕನ್ನಡ ನಾಡಿನ ವಿಜ್ಞಾನ ಚರಿತ್ರೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದಷ್ಟು ಜಾಗ ಇನ್ನೂ ಸಂದಿಲ್ಲ.

ನಕ್ಷೆ ಓದುವ ಕ್ರಮ ಹೀಗೆ. ಸುರುಳಿಯಲ್ಲಿ ಪ್ರತ್ಯಾಮ್ಲವೊಂದರ ಹೈಡ್ರೋಜನ್ ತನ್ನ ಸಕ್ಕರೆಗೂ ಹತ್ತಿರ, ಹಿಂದಿನ ನ್ಯೂಕ್ಲಿಯೋಟೈಡಿನ ಸಕ್ಕರೆಗೂ ಹತ್ತಿರ. ಹಾಗಾಗಿ ಒಂದು ಮಚ್ಚೆಯಿಂದ ಅಡ್ಡಕ್ಕೆ, ಅಲ್ಲಿಂದ ಉದ್ದಕ್ಕೆ ಗೆರೆ ಎಳೆಯುತ್ತ ಹೋದರೆ ಎಳೆಯ ಉದ್ದಕ್ಕೂ ಹೆಜ್ಜೆ ಹಾಕಬಹುದು. ಹೆಜ್ಜೆ ತಪ್ಪಿದ ಕಡೆ ಸುರುಳಿ ಮುರಿದಿರುವ ಸಾಧ್ಯತೆ ಇದೆ.

ಇದಕ್ಕೆ ಮಿಲಿಗ್ರಾಂಗಟ್ಟಲೆ ಶುದ್ಧ ಆರ್‌ಎನ್‌ಎ ಬೇಕಿತ್ತು. ಟಿ7 ವೈರಸ್ಸಿನ ಕಿಣ್ವದಿಂದ ಬೇಕಾದ ಅನುಕ್ರಮವನ್ನು ತಯಾರಿಸುವ ವಿಧಾನವನ್ನು ಓಲ್ಕೆ ಉಲೆನ್‌ಬೆಕ್ ಅವರ ತಂಡ 1987ರಲ್ಲಿ ಕೊಟ್ಟಿತು. ಫಲ ಬೇಗ ಬಂತು. 1990ರಲ್ಲಿ ಬರ್ಕ್ಲಿಯ ಚಿಯಾಂಗ್, ವರಾನಿ, ಟಿನೊಕೊ 12 ನ್ಯೂಕ್ಲಿಯೋಟೈಡ್‌ಗಳ ಪುಟ್ಟ ಕುಣಿಕೆಯೊಂದರ ರೂಪ ಬಿಡಿಸಿದರು. ಅದರ ತುದಿಯ ಯು-ಯು-ಸಿ-ಜಿ ನಾಲ್ಕೂ ಕಾಗದದ ಮೇಲೆ ಜೋಡಿಯಿಲ್ಲದವು. ಆದರೂ ಆ ಕುಣಿಕೆ ಅಸಾಮಾನ್ಯವಾಗಿ ಗಟ್ಟಿ. ಕೊನೆಯ ಗುವಾನಿನ್‌ನ ಹೈಡ್ರೋಜನ್‌ಗೂ ಅದರದೇ ಸಕ್ಕರೆಗೂ ನಡುವೆ ಕಂಡ ದಟ್ಟ ಮಚ್ಚೆ ಗುಟ್ಟು ಬಿಟ್ಟುಕೊಟ್ಟಿತು: ಗುವಾನಿನ್ ತನ್ನ ಸಕ್ಕರೆಯ ಮೇಲಕ್ಕೆ ತಿರುಗಿ, ಮೊದಲ ಯುರಾಸಿಲ್‌ನೊಡನೆ ಕೈಜೋಡಿಸಿದೆ. ಈ ಚರಿತ್ರೆಯಲ್ಲಿ ಇದಕ್ಕಿಂತ ಚೆಲುವಾದ ಅಧ್ಯಾಯ ಇನ್ನೊಂದಿಲ್ಲ.

ಅಣು ದೊಡ್ಡದಾದಂತೆ ಕಷ್ಟವೂ ಬೆಳೆಯಿತು. ಪ್ರತ್ಯಾಮ್ಲಗಳು ನಾಲ್ಕೇ ಬಗೆ. ಸಕ್ಕರೆಯ ಹೈಡ್ರೋಜನ್‌ಗಳು ಬಹುತೇಕ ಒಂದೇ ಕಡೆ ಗುಂಪುಗೂಡುತ್ತವೆ. 1992ರಲ್ಲಿ ಕೊಲೊರಾಡೊದ ಆರ್ಥರ್ ಪಾರ್ಡಿ ಅವರ ಗುಂಪು ಹಾಗೂ ಎಂಐಟಿಯ ತಂಡ ಇದಕ್ಕೆ ಉಪಾಯ ಕಂಡುಕೊಂಡವು. ಬ್ಯಾಕ್ಟೀರಿಯಾಗಳಿಗೆ ಕಾರ್ಬನ್-13, ನೈಟ್ರೋಜನ್-15 ಐಸೋಟೋಪುಗಳ ಆಹಾರ ಕೊಟ್ಟು ಬೆಳೆಸಿ, ಅವುಗಳಿಂದ ಪಡೆದ ನ್ಯೂಕ್ಲಿಯೋಟೈಡ್‌ಗಳಲ್ಲೇ ಹೊಸ ಆರ್‌ಎನ್‌ಎ ಕಟ್ಟಲಾಯಿತು. ನಕ್ಷೆಗೆ ಮೂರನೆಯ ಆಯಾಮ ಬಂತು, ಗುಂಪು ಚದುರಿತು.

ಇದರ ಉಪಯೋಗ ಪ್ರಯೋಗಾಲಯದಾಚೆಗೂ ತಲುಪಿತು. ಪ್ಯಾರೊಮೊಮೈಸಿನ್ ಎಂಬ ಪ್ರತಿಜೀವಕ ಬ್ಯಾಕ್ಟೀರಿಯಾದ ರೈಬೋಸೋಮ್ ಆರ್‌ಎನ್‌ಎಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು 1996ರಲ್ಲಿ ಜೋಸೆಫ್ ಪುಗ್ಲೀಸಿ ತಂಡ ತೋರಿಸಿತು. 1998ರಲ್ಲಿ ಡಿಂಗ್ಲಿ ಮತ್ತು ಗ್ಜೆಸಿಯೆಕ್ ಜೋಡಿಗಳ ನಡುವಿನ ಹೈಡ್ರೋಜನ್ ಬಂಧವನ್ನೇ ನೇರವಾಗಿ ಅಳೆದರು. ಅಲ್ಲಿಯವರೆಗೆ ಅದು ಊಹಿಸಿಕೊಂಡ ಸಂಗತಿ. 2015ರಲ್ಲಿ ಮೈಕೆಲ್ ಸಮ್ಮರ್ಸ್ ತಂಡ ಎಚ್‌ಐವಿಯ 155 ನ್ಯೂಕ್ಲಿಯೋಟೈಡ್‌ಗಳ ಭಾಗವೊಂದರ ರೂಪ ಪ್ರಕಟಿಸಿತು. ವೈರಸ್ಸು ತನ್ನ ಜೀನೋಮನ್ನು ಕಣದೊಳಗೆ ತುಂಬಿಕೊಳ್ಳಲು ಗುರುತಾಗಿ ಬಳಸುವ ಭಾಗ ಅದು.

ಹೊಸ ಆರ್‌ಎನ್‌ಎ ಮಾದರಿಯೊಂದು ಕಾಂತದೊಳಗೆ ಇಳಿದಾಗ ಅದು ಸರಿಯಾಗಿ ಮಡಿಚಿಕೊಂಡಿದೆಯೇ ಎಂದು ತಿಳಿಯಲು ಇಂದಿಗೂ ಮೊದಲು ನೋಡುವುದು 1971ರಲ್ಲಿ ಕಂಡ ಆ ಇಮಿನೊ ಶಿಖರಗಳನ್ನೇ.